ಮನೆ ನಮ್ಮದಾಯಿತು, ಅದರ ಕೀ ಎಷ್ಟು ಜನರ ಹತ್ತಿರ ಇದೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ಬೆಂಗಳೂರಿನ ವಿಜಯನಗರದಲ್ಲಿ ಮೂರನೇ ಮಹಡಿಯ ಹಳೇ ಫ್ಲ್ಯಾಟ್ ಒಂದನ್ನು ಕೊಂಡೆವು. ಹಿಂದಿನ ಮಾಲೀಕರು ಎಂಟು ವರ್ಷ ಅದನ್ನು ಬಾಡಿಗೆಗೆ ಕೊಟ್ಟಿದ್ದರು. ರಿಜಿಸ್ಟ್ರೇಷನ್ ದಿನ ಮೂರು ಕೀ ಕೊಟ್ಟು "ಇಷ್ಟೇ ಇರೋದು" ಅಂದರು. ಹೋದ ವಾರ ಕೆಳಗಿನ ಮನೆಯ ಆಂಟಿ ಇನ್ನೊಂದು ಕೀ ತಂದುಕೊಟ್ಟು, ಹಳೇ ಬಾಡಿಗೆಯವರು ಕೊಟ್ಟಿದ್ದರು ಅಂದರು. ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿಲ್ಲ. ಬಾಗಿಲಿಗೆ ಉದ್ದ ಹಿಡಿಯ ಲಾಕ್ ಇದೆ, ಕೀ ಮೇಲೆ ಸಣ್ಣ ಸಣ್ಣ ಗುಳಿಗಳಿವೆ. "ಕಂಪ್ಯೂಟರ್ ಕೀ, ಯಾರೂ ಡೂಪ್ಲಿಕೇಟ್ ಮಾಡಕ್ಕಾಗಲ್ಲ" ಅಂತಾರೆ ನಮ್ಮವರು. ಪೂರ್ತಿ ಲಾಕ್ ಬದಲಿಸಬೇಕಾ? ಲಾಕ್ ಹಾಗೇ ಇಟ್ಟು ಕೀ ಮಾತ್ರ ಬದಲಿಸಬಹುದಂತೆ, ನಿಜವಾ? ರಸ್ತೆ ಬದಿಯ ಕೀ ಮಾಡುವವರನ್ನು ಕೇಳಿದೆ. ಲಾಕ್ ಬಿಚ್ಚಿಕೊಂಡು ಹೋಗಿ ನಾಳೆ ತರುತ್ತೇನೆ ಅಂದರು. ಅವರೇ ಒಂದು ಕೀ ಇಟ್ಟುಕೊಂಡರೆ ಏನು ಮಾಡೋದು? ಮಾವನವರು ಹೊರಗಡೆ ಒಂದು ದಪ್ಪ ಬೀಗ ಹಾಕಿ ಸಾಕು ಅಂತಾರೆ. (ಹೆಸರು ಬೇಡ)

ಉತ್ತರ: ಮೇಡಂ, ಮೊದಲು ಆ ಆಂಟಿಗೆ ಒಂದು ಲೋಟ ಕಾಫಿ ಕೊಡಿ. ಅವರು ತಂದುಕೊಟ್ಟ ಕೀ ಬಗ್ಗೆ ನೀವು ಹೆದರಬೇಕಿಲ್ಲ, ಅದೀಗ ನಿಮ್ಮ ಕೈಯಲ್ಲೇ ಇದೆ. ಹೆದರಬೇಕಾದ್ದು ವಾಪಸ್ ಬಾರದ ಕೀಗಳಿಗೆ. ಎಂಟು ವರ್ಷದಲ್ಲಿ ಮೂರು ಬಾಡಿಗೆ ಸಂಸಾರ ಅಂತಲೇ ಇಟ್ಟುಕೊಳ್ಳಿ. ಒಬ್ಬರು ಕೆಲಸದವಳಿಗೆ ಒಂದು ಮಾಡಿಸಿರುತ್ತಾರೆ. ಇನ್ನೊಬ್ಬರು ಊರಿಂದ ಬರುವ ತಮ್ಮನಿಗೆ. ಮನೆ ಖಾಲಿ ಇದ್ದಾಗ ಬ್ರೋಕರ್ ಹತ್ತಿರ ಒಂದು, ಪೇಂಟಿಂಗ್ ಮಾಡಿಸುವಾಗ ಮೇಸ್ತ್ರಿ ಹತ್ತಿರ ಒಂದು, ವಾಚ್‌ಮನ್ ರೂಮಿನ ಮೊಳೆಗೆ ಒಂದು. ಇವರಲ್ಲಿ ಯಾರೂ ಕಳ್ಳರಲ್ಲದೆ ಇರಬಹುದು. ಆದರೆ ಅವರ ಮನೆಯ ಡ್ರಾಯರಿನಲ್ಲಿ ಬಿದ್ದಿರುವ ಕೀ ನಾಳೆ ಯಾರ ಕೈಗೆ ಸಿಗುತ್ತದೋ ಅವರಿಗೂ ಗೊತ್ತಿರಲ್ಲ. ಮಾಲೀಕರು "ಇಷ್ಟೇ" ಅಂದಿದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಹಾಗಾಗಿ ನಿಮ್ಮ ಚಿಂತೆ ಸರಿಯಾಗಿಯೇ ಇದೆ. ಅದರ ಖರ್ಚು ಮಾತ್ರ ನೀವು ಅಂದುಕೊಂಡಷ್ಟಿಲ್ಲ.

ಕಂಪ್ಯೂಟರ್ ಕೀ ವಿಷಯ ಮೊದಲು ಮುಗಿಸೋಣ. ಅದರಲ್ಲಿ ಕಂಪ್ಯೂಟರ್ ಏನೂ ಇಲ್ಲ. ಚಪ್ಪಟೆ ಕೀ ಮೇಲೆ ಹಲ್ಲಿನ ಬದಲು ಗುಳಿ ಕೊರೆದಿರುತ್ತಾರೆ, ಅದಕ್ಕೆ ನಾವು ಬೀಗದ ಕೆಲಸದವರು ಡಿಂಪಲ್ ಕೀ ಅನ್ನುತ್ತೇವೆ. ಅರ ಹಿಡಿದು ಉಜ್ಜಿ ಕೀ ಮಾಡುವವರಿಗೆ ಇದು ಕಷ್ಟ ಅನ್ನೋದು ನಿಜ. ಆದರೆ ಗುಳಿ ಕೊರೆಯುವ ಮೆಷಿನ್ ಇರುವ ಅಂಗಡಿಯಲ್ಲಿ ನೀವು ಟೀ ಕುಡಿಯುವಷ್ಟರಲ್ಲಿ ಆಗಿಬಿಡುತ್ತದೆ. ನಾನೇ ದಿನಕ್ಕೆ ನಾಲ್ಕಾರು ಮಾಡುತ್ತೇನೆ. ಕೆಲವು ದುಬಾರಿ ಲಾಕ್‌ಗಳಿಗೆ ಒಂದು ಕಾರ್ಡ್ ಕೊಟ್ಟಿರುತ್ತಾರೆ, ಅದನ್ನು ತೋರಿಸದೆ ಹೊಸ ಕೀ ಸಿಗುವುದಿಲ್ಲ. ಅದು ಬೇರೆ ಜಾತಿ. ನಿಮಗೆ ಕಾರ್ಡ್ ಕೊಟ್ಟಿಲ್ಲ ಅಂದಮೇಲೆ ನಿಮ್ಮದು ಸಾಧಾರಣ ಡಿಂಪಲ್ ಕೀ ಅಂತಲೇ ತಿಳಿಯಿರಿ.

ಈಗ ಲಾಕ್ ಹಾಗೇ ಇಟ್ಟು ಕೀ ಬದಲಿಸುವುದು. ನಿಜ, ಆಗುತ್ತದೆ. ಹೇಗೆ ಅಂತ ತಿಳಿದರೆ ಯಾರೂ ನಿಮಗೆ ಟೋಪಿ ಹಾಕಲಾರರು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೀ ತೂರಿಸುವ ಹಿತ್ತಾಳೆಯ ಭಾಗ ಇದೆಯಲ್ಲ, ಅದು ಸಿಲಿಂಡರ್. ಅದರೊಳಗೆ ಸಾಲಾಗಿ ಐದೋ ಆರೋ ಸಣ್ಣ ತೂತು. ಒಂದೊಂದು ತೂತಿನಲ್ಲಿ ಒಂದರ ಮೇಲೊಂದು ಎರಡು ಪಿನ್, ಅದರ ಮೇಲೆ ಒಂದು ಸ್ಪ್ರಿಂಗ್. ಪಿನ್ ಎಷ್ಟು ಚಿಕ್ಕದು ಅಂದರೆ ಅಂಗೈಲಿ ಹಾಕಿಕೊಂಡರೆ ಜೀರಿಗೆ ಕಾಳಿನ ಹಾಗೆ ಕಾಣುತ್ತದೆ. ಸರಿಯಾದ ಕೀ ಒಳಗೆ ಹೋದಾಗ ಎಲ್ಲಾ ಜೋಡಿಗಳ ನಡುವಿನ ಸಂದು ಒಂದೇ ಗೆರೆಗೆ ಬಂದು ನಿಲ್ಲುತ್ತದೆ, ಆಗ ಸಿಲಿಂಡರಿನ ಒಳಭಾಗ ತಿರುಗುತ್ತದೆ. ಒಂದು ಪಿನ್ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತಿರುಗಲ್ಲ. ಅಮೆರಿಕದ ಲೈನಸ್ ಯೇಲ್ ಅನ್ನುವವರು 1860ರ ದಶಕದಲ್ಲಿ ಇದನ್ನು ಈಗಿನ ರೂಪಕ್ಕೆ ತಂದರು. ಇವತ್ತಿಗೂ ನಮ್ಮ ಬಾಗಿಲುಗಳಲ್ಲಿ ಓಡುತ್ತಿರುವುದು ಅದೇ ಲೆಕ್ಕ.

ಕೀ ಬದಲಿಸುವುದು ಅಂದರೆ ಪ್ರತಿ ಜೋಡಿಯಲ್ಲಿ ಕೆಳಗಡೆ ಇರುವ ಪಿನ್ ತೆಗೆದು, ಹೊಸ ಕೀಗೆ ಹೊಂದುವ ಎತ್ತರದ ಪಿನ್ ಕೂರಿಸುವುದು. ನಮ್ಮ ಮಾತಲ್ಲಿ ಪಿನ್ ಚೇಂಜ್. ಸಿಲಿಂಡರಿನ ಸಣ್ಣ ಕ್ಲಿಪ್ ಬಿಚ್ಚಿ, ಒಳಭಾಗವನ್ನು ಹೊರಗೆ ತಳ್ಳುತ್ತಾ ಅದರ ಹಿಂದೆಯೇ ಅಷ್ಟೇ ದಪ್ಪದ ಒಂದು ಕಡ್ಡಿ ತೂರಿಸುತ್ತೇವೆ, ಮೇಲಿನ ಪಿನ್ನು ಸ್ಪ್ರಿಂಗು ಜಾಗದಲ್ಲೇ ಇರಲಿ ಅಂತ. ನಾನು ಕೆಲಸ ಕಲಿಯುವಾಗ ಒಂದು ಸಲ ಕಡ್ಡಿ ಇಲ್ಲದೆ ಎಳೆದುಬಿಟ್ಟೆ. ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಸ್ಪ್ರಿಂಗ್‌ಗಳು ಹಾರಿ, ಅಪ್ಪ ಮತ್ತು ನಾನು ಅಂಗಡಿ ನೆಲದ ಮೇಲೆ ಅರ್ಧ ದಿನ ಮಂಡಿಯೂರಿ ಹುಡುಕಿದೆವು. ಒಂದು ಕೊನೆಗೂ ಸಿಗಲಿಲ್ಲ.

ಇದರಿಂದ ಲಾಕ್ ಸಡಿಲವಾಗುತ್ತದೆ ಅನ್ನುವ ಮಾತಿದೆ. ಸರಿಯಾದ ಪಿನ್ ಹಾಕಿದರೆ ಏನೂ ಆಗಲ್ಲ, ಮೊದಲಿನಷ್ಟೇ ಗಟ್ಟಿ. ಆದರೆ ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಕೆಲವರ ಹತ್ತಿರ ಬೇರೆ ಬೇರೆ ಎತ್ತರದ ಪಿನ್ ಇರುವುದಿಲ್ಲ. ಅವರು ಇರುವ ಪಿನ್ನಿನ ತಲೆಯನ್ನೇ ಅರದಿಂದ ಉಜ್ಜುತ್ತಾರೆ, ಇಲ್ಲವೇ ತೊಂದರೆ ಕೊಡುವ ಪಿನ್ ತೆಗೆದು ಬಿಸಾಕುತ್ತಾರೆ. ಆರು ಪಿನ್ನಿನ ಲಾಕ್ ಮೂರು ಪಿನ್ನಿನದಾಗುತ್ತದೆ. ಕೀ ಬೆಣ್ಣೆಯ ಹಾಗೆ ತಿರುಗುತ್ತದೆ, ನೀವು ಖುಷಿಯಾಗಿ ದುಡ್ಡು ಕೊಡುತ್ತೀರಿ. ಇದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ಕೀಯನ್ನು ಪೂರ್ತಿ ತೂರಿಸದೆ ಒಂದೆರಡು ಗುಳಿಯಷ್ಟು ಹೊರಗೆ ಎಳೆದು ತಿರುಗಿಸಿ ನೋಡಿ. ತಿರುಗಬಾರದು. ಹಳೇ ಕೀ ಹಾಕಿ ನೋಡಿ, ಅದೂ ತಿರುಗಬಾರದು. ಅದೇ ಕಂಪನಿಯ ಬೇರೆ ಯಾವುದಾದರೂ ಕೀ ಅಂಗಡಿಯಲ್ಲಿದ್ದರೆ ಅದನ್ನೂ ಹಾಕಿಸಿ ನೋಡಿ. ಈ ಮೂರಕ್ಕೂ ಜಗ್ಗದಿದ್ದರೆ ಮಾತ್ರ ಪರ್ಸ್ ತೆಗೆಯಿರಿ.

ಇಷ್ಟೆಲ್ಲಾ ಹೇಳಿದ ಮೇಲೂ ನಿಮ್ಮ ಲಾಕಿಗೆ ಪಿನ್ ಚೇಂಜ್ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಡಿಂಪಲ್ ಕೀ ಸಿಲಿಂಡರಿನ ಪಿನ್ ಇನ್ನೂ ಸಣ್ಣದು, ಕಂಪನಿಗೊಂದು ಅಳತೆ. ಬಿಡಿ ಪಿನ್ ಇಟ್ಟುಕೊಂಡಿರುವ ಅಂಗಡಿಗಳು ಕಡಿಮೆ. ನಿಮಗೆ ಸರಿಹೋಗುವುದು ಸಿಲಿಂಡರನ್ನೇ ಬದಲಿಸುವುದು. ಹಿಡಿ, ಬಾಗಿಲೊಳಗಿನ ಪೆಟ್ಟಿಗೆ, ತಟ್ಟೆ ಎಲ್ಲಾ ಹಾಗೇ ಇರುತ್ತದೆ. ಬಾಗಿಲಿಗೆ ಒಂದು ಹೊಸ ತೂತೂ ಬೇಡ. ಸಾಧಾರಣ ಸಿಲಿಂಡರ್ ಕೆಲವು ನೂರು ರೂಪಾಯಿಯಿಂದ ಸಿಗುತ್ತದೆ. ಒಳ್ಳೆಯದು ಬೇಕು ಅಂದರೆ ಸಾವಿರ ದಾಟುತ್ತದೆ. ಹಿಡಿ ಸಮೇತ ಪೂರ್ತಿ ಸೆಟ್ ಅದರ ಎಷ್ಟೋ ಪಟ್ಟು. ಅಷ್ಟು ಕೊಟ್ಟರೂ ಹೊಸ ಸೆಟ್ಟಿನ ಅಳತೆ ಹಳೇ ತೂತುಗಳಿಗೆ ಕೂರದಿದ್ದರೆ ಕಾರ್ಪೆಂಟರ್ ಬಂದು ಬಾಗಿಲು ಕೊರೆಯಬೇಕು. ಲಾಕಿನ ಚಿಲಕ ಸವೆದಿದ್ದರೆ, ಹಿಡಿ ಜೋತುಬಿದ್ದಿದ್ದರೆ ಮಾತ್ರ ಆ ದಾರಿ.

ಈ ಕೆಲಸದಲ್ಲಿ ಒಂದು ಅನುಕೂಲ ಇದೆ, ನೀವೇ ಮಾಡಿಕೊಳ್ಳಬಹುದು. ಕೀ ಮಾಡುವವರೇ ಒಂದು ಇಟ್ಟುಕೊಂಡರೆ ಅನ್ನುವ ನಿಮ್ಮ ಭಯಕ್ಕೂ ಅದೇ ಉತ್ತರ. ಬಾಗಿಲು ತೆರೆದು ಅದರ ದಪ್ಪದ ಕಡೆ ನೋಡಿ, ಚಿಲಕ ಹೊರಬರುವ ಉದ್ದನೆಯ ಲೋಹದ ಪಟ್ಟಿ ಇರುತ್ತದಲ್ಲ, ಅಲ್ಲಿ. ಕೀ ತೂತಿನ ನೇರಕ್ಕೆ ಒಂದೇ ಒಂದು ಉದ್ದ ಸ್ಕ್ರೂ ಕಾಣುತ್ತದೆ. ಇಡೀ ಸಿಲಿಂಡರ್ ನಿಂತಿರುವುದು ಅದೊಂದರ ಮೇಲೆ. ಅದನ್ನು ಬಿಚ್ಚಿ. ಕೀ ಹಾಕಿ ಸ್ವಲ್ಪವೇ ಸ್ವಲ್ಪ ತಿರುಗಿಸಿ, ಗಡಿಯಾರದಲ್ಲಿ ಎರಡು ನಿಮಿಷದಷ್ಟು. ಸಿಲಿಂಡರಿನ ನಡುವೆ ಇರುವ ನಾಲಿಗೆ ಒಳಗೆ ಸೇರಿಕೊಂಡ ಕೂಡಲೇ ಸಿಲಿಂಡರ್ ಜಾರಿ ಕೈಗೆ ಬರುತ್ತದೆ. ಬರಲಿಲ್ಲ ಅಂದರೆ ಸುತ್ತಿಗೆ ಎತ್ತಬೇಡಿ, ಕೀಯನ್ನು ಆ ಕಡೆ ಈ ಕಡೆ ಒಂಚೂರು ಆಡಿಸಿ. ಬಾಗಿಲು ಗಾಳಿಗೆ ಮುಚ್ಚಿಕೊಳ್ಳದಂತೆ ಕುರ್ಚಿ ಅಡ್ಡ ಇಡಿ. ಮನೆಯಲ್ಲಿ ಮಾವನವರು ಇರಲಿ, ಒಳಗಿನ ಬೋಲ್ಟ್ ಹಾಕಿಕೊಳ್ಳಲಿ.

ಆಮೇಲೆ ಆ ಸಿಲಿಂಡರನ್ನು ಬ್ಯಾಗಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯೋ, ನಿಮ್ಮ ಏರಿಯಾದ್ದೋ, ಎಲ್ಲಾದರೂ ಸರಿ. ಕೌಂಟರ್ ಮೇಲಿಟ್ಟು "ಇದೇ ಅಳತೆಯದು ಕೊಡಿ" ಅನ್ನಿ. ಸ್ಕ್ರೂ ತೂತಿನಿಂದ ಎರಡೂ ತುದಿಗೆ ಇರುವ ಉದ್ದವನ್ನು ಬೇರೆ ಬೇರೆ ಅಳೆಯಬೇಕು. ಒಟ್ಟು 60 ಮಿಲಿಮೀಟರ್, 70 ಮಿಲಿಮೀಟರ್ ಜಾಸ್ತಿ ಓಡುವ ಅಳತೆಗಳು. ಎರಡು ಕಡೆ ಸಮ ಇಲ್ಲದವೂ ಇವೆ, ಮೋಸ ಹೋಗಬೇಡಿ. ಹೊರಗಡೆಯ ತುದಿ ಹಿಡಿಯ ತಟ್ಟೆಯಿಂದ 3 ಮಿಲಿಮೀಟರಿಗಿಂತ ಜಾಸ್ತಿ ಚಾಚಬಾರದು. ಚಾಚಿದರೆ ಇಕ್ಕಳ ಹಾಕಿ ಮುರಿಯಲು ಜಾಗ ಸಿಗುತ್ತದೆ. ಸಿಲಿಂಡರಿನ ಸೊಂಟ ಇರುವುದೇ ಆ ಸ್ಕ್ರೂ ತೂತಿನ ಹತ್ತಿರ, ಮುರಿಯುವುದೂ ಅಲ್ಲೇ.

ನೀವು ಹೀಗೆ ಹೋದಾಗ ಅಂಗಡಿಯವನಿಗೆ ನಿಮ್ಮ ಮನೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಕೀ ಯಾರ ಕೈಗೆ ಸಿಗುತ್ತದೋ ಅವನಿಗೆ ಮನೆ ಗೊತ್ತಿರಬಾರದು, ಮನೆ ಗೊತ್ತಿರುವವನಿಗೆ ಕೀ ಸಿಗಬಾರದು. ನಮ್ಮ ಕಸುಬಿನ ಒಳಗುಟ್ಟು ಅಂತ ಏನಾದರೂ ಇದ್ದರೆ ಇಷ್ಟೇ. ದುಡ್ಡನ್ನು ನಗದಾಗಿ ಕೊಡಿ, ಬಿಲ್ ಕೇಳಿ, ಮನೆ ವಿಳಾಸ ಬರೆಸಬೇಡಿ. ಹೊಸ ಸಿಲಿಂಡರಿನ ಪ್ಯಾಕೆಟ್ ಸೀಲ್ ಆಗಿರಬೇಕು, ಒಳಗೆ ಎಷ್ಟು ಕೀ ಅಂತ ಹೊರಗೆ ಬರೆದಿರುತ್ತಾರೆ, ಅಲ್ಲೇ ಎಣಿಸಿ. ನಂಬರ್ ಇರುವ ಬಿಲ್ಲೆಯೋ ಕಾರ್ಡೋ ಇದ್ದರೆ ಕೀ ಗೊಂಚಲಿನ ಜೊತೆ ನೇತುಹಾಕಬೇಡಿ. ಅದು ಮನೆ ಪತ್ರಗಳ ಫೈಲಿಗೆ ಹೋಗಬೇಕು.

ಸ್ಕ್ರೂ ಬಿಚ್ಚುವುದು ನಮ್ಮ ಕೈಲಾಗಲ್ಲ, ಕರೆಸಿಯೇ ಮಾಡಿಸುತ್ತೇವೆ ಅಂದರೆ ತಪ್ಪೇನಿಲ್ಲ. ಆ ರಸ್ತೆ ಬದಿಯವರು ಮೋಸಗಾರರು ಅಂತಲೂ ನಾನು ಹೇಳಲ್ಲ. ನಮ್ಮಪ್ಪ ಶುರುಮಾಡಿದ್ದೇ ಮಾರ್ಕೆಟ್ ಹತ್ತಿರ ಒಂದು ಗೋಣಿಚೀಲದ ಮೇಲೆ. ಆದರೆ ಲಾಕ್ ರಾತ್ರಿಯೆಲ್ಲಾ ಅವರ ಹತ್ತಿರ ಇರುವುದು ಬೇಡ. ಈ ಕೆಲಸ ನಿಮ್ಮ ಬಾಗಿಲಲ್ಲೇ, ನಿಮ್ಮ ಕಣ್ಣೆದುರೇ ಅರ್ಧ ಗಂಟೆಯಲ್ಲಿ ಮುಗಿಯುವಂಥದ್ದು. ಈ ಕಸುಬಿಗೆ ನಮ್ಮಲ್ಲಿ ಪರೀಕ್ಷೆ, ಲೈಸೆನ್ಸ್ ಅಂತ ಏನೂ ಇಲ್ಲ. ಹಾಗಾಗಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಅಂಗಡಿ ಇಟ್ಟುಕೊಂಡಿರುವವರನ್ನು ಕರೆಯಿರಿ. ಸಿಲಿಂಡರನ್ನು ನೀವೇ ತಂದು ಸೀಲ್ ಒಡೆಯದೆ ಇಟ್ಟಿರಿ, ಅವರು ಕೂರಿಸಿ ಹೋಗಲಿ. ಕೀ ಅವರ ಕೈಗೆ ಹೋಗುವ ಪ್ರಮೇಯವೇ ಬರಲ್ಲ. ಬಂದವರು "ಮನೆ ನಿಮ್ಮದೇನಾ? ಕರೆಂಟ್ ಬಿಲ್ ತೋರಿಸ್ತೀರಾ?" ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳುವವನೇ ಒಳ್ಳೆಯವನು. ಯಾರೋ ಕರೆದರು ಅಂತ ಯಾರ ಬಾಗಿಲನ್ನೋ ತೆಗೆದುಕೊಡುವವನು ನಾಳೆ ನಿಮ್ಮದನ್ನೂ ತೆಗೆದುಕೊಡುತ್ತಾನೆ.

ಫೋನಿನಲ್ಲಿ ಹುಡುಕಿ ಕರೆಸಿದವರು ಬಂದ ತಕ್ಷಣ ಡ್ರಿಲ್ ಎತ್ತಿಕೊಂಡರೆ ನಿಲ್ಲಿಸಿ. ಕೀ ಕೈಯಲ್ಲಿರುವಾಗ ಡ್ರಿಲ್ಲಿನ ಕೆಲಸವೇ ಇಲ್ಲ.

ಬೀಗದ ಕೆಲಸಕ್ಕೆ ಬಂದವರಿಗೆ ಬೀರು ತೋರಿಸಬೇಡಿ. "ಹೇಗೂ ಬಂದಿದ್ದೀರಲ್ಲ, ಬೀರುವಿನ ಕೀ ಸ್ವಲ್ಪ ಬಿಗಿ, ನೋಡಿಬಿಡಿ" ಅನ್ನುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ. ಬೀದಿ ಬೀದಿ ಸುತ್ತಿ "ಕೀ ರಿಪೇರಿ" ಅಂತ ಕೂಗುವವರ ವೇಷದಲ್ಲಿ ಬರುವ ಕಳ್ಳರಿಗೆ ಇಷ್ಟು ಸಾಕು. ಎಣ್ಣೆ ತನ್ನಿ, ಮೇಣದಬತ್ತಿ ತನ್ನಿ ಅಂತ ನಿಮ್ಮನ್ನು ಅಡುಗೆಮನೆಗೆ ಓಡಾಡಿಸುತ್ತಾರೆ. ಹೋಗುವಾಗ "ಲಾಕ್ ಸೆಟ್ ಆಗಬೇಕು, ಎರಡು ಗಂಟೆ ತೆಗೆಯಬೇಡಿ" ಅನ್ನುತ್ತಾರೆ. ಯಾವ ಲಾಕೂ ಸೆಟ್ ಆಗಲು ಎರಡು ಗಂಟೆ ತೆಗೆದುಕೊಳ್ಳಲ್ಲ, ಅದೇನು ಇಡ್ಲಿ ಹಿಟ್ಟಾ? ಆ ಎರಡು ಗಂಟೆ ಅವರು ಊರು ಬಿಡಲು.

ಈಗ ಮಾವನವರ ದಪ್ಪ ಬೀಗ. ಅವರ ಕಾಲದ ನಂಬಿಕೆಗೆ ಕಾರಣ ಇದೆ. ದಿಂಡಿಗಲ್, ಅಲೀಗಢದ ಲಿವರ್ ಬೀಗಗಳು, ಅಂದರೆ ಪಿನ್ ಬದಲು ಕೀ ಎತ್ತುವ ಚಪ್ಪಟೆ ತಟ್ಟೆಗಳು ಒಳಗಿರುವವು, ನಿಜಕ್ಕೂ ಗಟ್ಟಿ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಅಂಥ ಬೀಗದ ಕೀ ಕಳೆದರೆ ಅಪ್ಪ ಒಂದು ಉಪಾಯ ಮಾಡುತ್ತಿದ್ದರು. ಒಳಗಿನ ಹಿತ್ತಾಳೆ ಲಿವರ್‌ಗಳನ್ನು ಇಸ್ಪೀಟ್ ಎಲೆಯ ಹಾಗೆ ಹಿಂದುಮುಂದು ಜೋಡಿಸಿ, ಆ ಸಾಲಿಗೆ ಹೊಸ ಕೀ ಉಜ್ಜುತ್ತಿದ್ದರು. ಐದು ಲಿವರ್ ಐದು ಥರ ಇದ್ದರೆ 120 ಬಗೆಯಲ್ಲಿ ಜೋಡಿಸಬಹುದು. ಹೊಸ ಸಾಮಾನು ಒಂದೂ ಬೇಡ, ಹಳೇ ಕೀ ಮಾತ್ರ ಕೆಲಸಕ್ಕೆ ಬರಲ್ಲ. ಹಳೇ ಮನೆಗಳ ಲಿವರ್ ಡೋರ್ ಲಾಕಿಗೂ ಹೀಗೆ ಮಾಡಬಹುದು. ಆದರೆ ಒಳಗಿಂದಲೂ ಹೊರಗಿಂದಲೂ ಒಂದೇ ಕೀಯಲ್ಲಿ ತೆಗೆಯುವ ಲಾಕಾದರೆ ಕೀಯ ಹಲ್ಲು ಎರಡು ತುದಿಯಿಂದಲೂ ಒಂದೇ ಥರ ಇರಬೇಕಾಗುತ್ತದೆ, ಅದಲುಬದಲಿಗೆ ಅಷ್ಟು ಜಾಗ ಉಳಿಯಲ್ಲ.

ತೊಂದರೆ ಇರುವುದು ಬೀಗದಲ್ಲಲ್ಲ, ಅದು ನೇತಾಡುವ ಜಾಗದಲ್ಲಿ. ಹೊರಗೆ ಬೀಗ ನೇತಾಡುತ್ತಿದ್ದರೆ ಮನೆಯಲ್ಲಿ ಯಾರೂ ಇಲ್ಲ ಅಂತ ಮೆಟ್ಟಿಲು ಹತ್ತುವ ಪ್ರತಿಯೊಬ್ಬರಿಗೂ ಬೋರ್ಡ್ ಹಾಕಿದ ಹಾಗೆ. ಕಳ್ಳ ಬೀಗವನ್ನು ಮುಟ್ಟುವುದೂ ಇಲ್ಲ, ಅದು ಸಿಕ್ಕಿಸಿರುವ ಚಿಲಕವನ್ನೇ ಕಬ್ಬಿಣದ ಸಲಾಕೆಯಿಂದ ಮೀಟುತ್ತಾನೆ. ಸಿಲಿಂಡರ್ ಲಾಕಿಗೂ ಅದೇ ಗತಿ. ಪಿನ್ ಎತ್ತಿ ನಾಜೂಕಾಗಿ ತೆಗೆಯುವ ಕಳ್ಳರು ಕಡಿಮೆ. ಒಂದೋ ಕೀ ಇರುತ್ತದೆ, ಇಲ್ಲವೋ ಸಲಾಕೆ ಇರುತ್ತದೆ. ಕೀಗೆ ಸಿಲಿಂಡರ್ ಬದಲಿಸಿದ್ದಾಯಿತು. ಸಲಾಕೆಗೆ ಹತ್ತು ರೂಪಾಯಿಯ ಔಷಧಿ ಇದೆ. ಚೌಕಟ್ಟಿನಲ್ಲಿ ಚಿಲಕ ಹೋಗಿ ಕೂರುವ ತಟ್ಟೆಯ ಸ್ಕ್ರೂ ಒಂದನ್ನು ಬಿಚ್ಚಿ ನೋಡಿ. ಎಷ್ಟೋ ಫ್ಲ್ಯಾಟುಗಳಲ್ಲಿ ಉಗುರಿನಷ್ಟು ಉದ್ದ ಇರುತ್ತದೆ. ಅದರ ಜಾಗಕ್ಕೆ ಎರಡೂವರೆ ಇಂಚಿನ ಸ್ಕ್ರೂ ಹಾಕಿಸಿ, ಮರದ ಆಳಕ್ಕೆ ಹಿಡಿಯುತ್ತದೆ. ದುಬಾರಿ ಲಾಕ್ ಹಾಕಿಸಿದವರೂ ಇದೊಂದನ್ನು ಮರೆಯುತ್ತಾರೆ.

ಇನ್ನೊಂದು ಬಾಗಿಲನ್ನೂ ಮರೆಯುತ್ತಾರೆ. ನನ್ನ ಗಿರಾಕಿಯೊಬ್ಬರು ಮುಂಬಾಗಿಲಿಗೆ ಒಳ್ಳೇ ಸಿಲಿಂಡರ್ ಹಾಕಿಸಿಕೊಂಡು ಹೋದರು. ಒಂದು ತಿಂಗಳಿಗೆ ಮತ್ತೆ ಬಂದರು. ಅಡುಗೆಮನೆ ಹಿಂದಿನ ಯುಟಿಲಿಟಿ ಬಾಗಿಲಿನ ಕೀ ಹಳೇ ಕೆಲಸದವಳ ಹತ್ತಿರವೇ ಇತ್ತಂತೆ, ಅವಳೇ ಪಾಪ ನೆನಪಿಸಿದಳಂತೆ. ನಿಮ್ಮ ಮನೆಯಲ್ಲಿ ಯುಟಿಲಿಟಿ, ಬಾಲ್ಕನಿ, ಗ್ರಿಲ್ ಬಾಗಿಲು ಏನೇನಿದೆ ಅಂತ ಒಂದು ಸುತ್ತು ಹಾಕಿ ನೋಡಿ.

ಡಿಜಿಟಲ್ ಲಾಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳೇ ಹೇಳುತ್ತಾರೆ. ಕೀ ಯಾರ ಹತ್ತಿರ ಇದೆ ಅನ್ನುವ ತಲೆನೋವಿಗೆ ಅದು ಒಳ್ಳೆಯ ಮದ್ದು. ಕೆಲಸದವಳಿಗೆ ಒಂದು ನಂಬರ್ ಕೊಟ್ಟು, ಬಿಟ್ಟುಹೋದ ದಿನ ಅಳಿಸಿಬಿಡಬಹುದು. ಆದರೆ ಅದರಲ್ಲೂ ಬ್ಯಾಟರಿ ಸತ್ತರೆ ಇರಲಿ ಅಂತ ಒಂದು ಸಾಧಾರಣ ಕೀ ತೂತು ಬಹುತೇಕ ಇದ್ದೇ ಇರುತ್ತದೆ. ಅದು ಅಗ್ಗದ ಸಿಲಿಂಡರ್ ಆದರೆ ಎಲ್ಲಾ ವ್ಯರ್ಥ. ಪಾತ್ರೆ ತೊಳೆದು ತೊಳೆದು ಸವೆದ ಬೆರಳಿನ ಗುರುತು ಎಷ್ಟೋ ಸಲ ಹಿಡಿಯುವುದಿಲ್ಲ, ವಯಸ್ಸಾದವರದ್ದೂ ಅಷ್ಟೇ. ಮಾವನವರು ಹೊರಗೆ ನಿಂತು ಹತ್ತು ಸಲ ಬೆರಳೊತ್ತಿ ಬೈದುಕೊಳ್ಳುವುದು ಬೇಡ ಅಂದರೆ ಸಿಲಿಂಡರೇ ಸಾಕು.

ಕೊಳ್ಳುವಾಗ ಒಳಗಡೆ ಕೀ ಬದಲು ತಿರುಗಿಸುವ ಗುಬ್ಬಿ ಇರುವ ಸಿಲಿಂಡರ್ ಕೇಳಿ. ಎರಡೂ ಕಡೆ ಕೀ ಇರುವುದಾದರೆ ರಾತ್ರಿ ಬೆಂಕಿಯೋ ಗ್ಯಾಸ್ ವಾಸನೆಯೋ ಬಂದಾಗ ಕತ್ತಲಲ್ಲಿ ಕೀ ಹುಡುಕುತ್ತಾ ನಿಲ್ಲಬೇಕು. ಒಳಗೆ ಕೀ ಬಿಟ್ಟು ಬಾಗಿಲು ಹಾಕಿಕೊಂಡರೆ ಹೊರಗಿನ ಕೀ ಹೋಗಲ್ಲ ಅನ್ನುವ ಗೋಳೂ ಇದೆ, ಭಾನುವಾರ ನನಗೆ ಬರುವ ಫೋನ್‌ಗಳಲ್ಲಿ ಅರ್ಧ ಅದೇ. ಬಾಲ್ಕನಿ ಬಾಗಿಲಲ್ಲಿ ಗಾಜಿದ್ದರೆ ಮಾತ್ರ ಗುಬ್ಬಿ ಬೇಡ, ಗಾಜು ಒಡೆದು ಕೈ ಹಾಕಿ ತಿರುಗಿಸಿಬಿಡುತ್ತಾರೆ.

ಹೊಸ ಕೀ ಬಿಗಿ ಅನಿಸಿದರೆ ತೆಂಗಿನೆಣ್ಣೆ ಬಿಡಬೇಡಿ. ನಮ್ಮ ಮನೆಗಳಲ್ಲಿ ಕೂದಲಿಗೂ ಅದೇ, ಬೀಗಕ್ಕೂ ಅದೇ. ನಾಲ್ಕು ತಿಂಗಳಲ್ಲಿ ಎಣ್ಣೆ ಧೂಳು ಹಿಡಿದು ಅಂಟಾಗಿ, ಪಿನ್ ಮೇಲೆದ್ದರೆ ಕೆಳಗಿಳಿಯಲ್ಲ. ಗ್ರಾಫೈಟ್ ಪುಡಿ ಸಿಗುತ್ತದೆ, ಒಂದು ಚಿಟಿಕೆ ಸಾಕು. ಮಳೆಗಾಲದಲ್ಲಿ ಮಾತ್ರ ಬಿಗಿಯಾಗುತ್ತಿದ್ದರೆ ತಪ್ಪು ಲಾಕಿನದಲ್ಲ, ಬಾಗಿಲು ನೀರು ಕುಡಿದು ಊದಿಕೊಂಡಿರುತ್ತದೆ. ಹಿಡಿಯನ್ನು ನಿಮ್ಮ ಕಡೆ ಎಳೆದು ಹಿಡಿದು ಕೀ ತಿರುಗಿಸಿದರೆ ತಿಳಿಯುತ್ತದೆ.

ಹೊಸ ಕೀಯ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ. ಗೃಹಪ್ರವೇಶದ ದಿನ ಗಂಡ ಹೆಂಡತಿ ಕೀ ಎತ್ತಿ ತೋರಿಸುವ ಫೋಟೋ ನೋಡಿದಾಗಲೆಲ್ಲಾ ನನಗೆ ಎದೆ ಧಸಕ್ ಅನ್ನುತ್ತದೆ. 2008ರಲ್ಲೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನವರು ದೂರದಿಂದ ತೆಗೆದ ಫೋಟೋ ನೋಡಿಯೇ ಹಲ್ಲಿನ ಕೀಗೆ ನಕಲು ಮಾಡಿ ತೋರಿಸಿದ್ದರು. ಈಗಿನ ಫೋನ್ ಕ್ಯಾಮೆರಾ ಆಗಿನ ಫೋನ್‌ಗಳದ್ದಕ್ಕಿಂತ ಎಷ್ಟೋ ಚುರುಕು.

ಬಾಡಿಗೆ ಮನೆಯಲ್ಲಿದ್ದು ಇದನ್ನು ಓದುತ್ತಿರುವವರಿಗೂ ಒಂದು ಮಾತು. ಮಾಲೀಕರಿಗೆ ಹೇಳಿ, ನಿಮ್ಮದೇ ಸಿಲಿಂಡರ್ ಹಾಕಿಕೊಳ್ಳಿ. ಅವರದ್ದನ್ನು ಕೀ ಸಮೇತ ಒಂದು ಕವರಿನಲ್ಲಿ ಎತ್ತಿಡಿ. ಮನೆ ಬಿಡುವ ದಿನ ಅದನ್ನು ಮತ್ತೆ ಕೂರಿಸಿ, ನಿಮ್ಮದನ್ನು ಮುಂದಿನ ಮನೆಗೆ ಒಯ್ಯಿರಿ, ಅಳತೆ ಹೊಂದಿದರೆ.

ಕೊನೆಗೆ, ಮೇಡಂ, ನಿಮ್ಮ ಹಳೇ ಸಿಲಿಂಡರ್ ಮತ್ತು ಆ ನಾಲ್ಕು ಕೀ. ಗುಜರಿಗೆ ಹಾಕಬೇಡಿ. ಮನೆಯೊಳಗಿನ ಯಾವುದಾದರೂ ರೂಮಿಗೆ ಅದೇ ಥರದ ಲಾಕ್ ಇದ್ದರೆ, ಅಳತೆ ಸರಿಯಿದ್ದರೆ, ಅಲ್ಲಿಗೆ ಹಾಕಿಸಿಕೊಳ್ಳಿ. ಹೊಸ ಕೀಗಳಲ್ಲಿ ಒಂದು ಕೆಳಗಿನ ಮನೆಯ ಆಂಟಿ ಹತ್ತಿರ ಇರಲಿ ಅನ್ನುವುದು ನನ್ನ ಸಲಹೆ, ಮೇಲೆ ಮನೆ ನಂಬರ್ ಬರೆಯದೆ ಕೊಡಿ. ಚಪ್ಪಲಿ ಸ್ಟ್ಯಾಂಡು, ಹೂಕುಂಡ, ಮೀಟರ್ ಬೋರ್ಡಿಗಿಂತ ಅವರೇ ವಾಸಿ. ಕೇಳದೇನೇ ಕೀ ತಂದುಕೊಟ್ಟವರಲ್ವಾ.